ಹೊಡೆದುಹಾಕಿದ ಒಂದು ಮಾತು

ಅವರ ತೋರುಬೆರಳಿಗೆ ಕೆಂಪು ಶಾಯಿ ಎಷ್ಟು ಹಿಡಿದಿತ್ತೆಂದರೆ, ಮೊದಲ ಸಲ ಕಂಡಾಗ ಕೈ ಕೊಯ್ದುಕೊಂಡಿದ್ದಾರೆ ಅಂದುಕೊಂಡೆ. ರಾಯಚೂರಿನ ಒಂದು ವಾರಪತ್ರಿಕೆಯ ಸಂಪಾದಕರು ಅವರು. ಬಂದ ಲೇಖನವನ್ನು ಗಟ್ಟಿಯಾಗಿ ಓದಿಯೇ ತಿದ್ದುತ್ತಿದ್ದರು. ಕೋಣೆಯ ಬಾಗಿಲು ಬೀದಿಗೇ ತೆರೆದಿತ್ತು. ಅವರು ನನ್ನ ಲೇಖನ ಓದತೊಡಗಿದಾಗ ನಾನು ಸೆರಗನ್ನು ಬಾಯಿಗೆ ಒತ್ತಿ ಹಿಡಿದೆ.

ಮಕ್ಕಳೇ, ನಿಮ್ಮ ತಾತ ತೀರಿಕೊಂಡ ಮೇಲೆ ನಾನು ದೇವದುರ್ಗದಲ್ಲಿ ಅವರ ಅಣ್ಣನ, ಅಂದರೆ ನನ್ನ ಭಾವನವರ ಮನೆಯಲ್ಲಿದ್ದೆ. ನಿಮ್ಮ ಅವ್ವ ಏಳನೆಯ ತರಗತಿ ಮುಗಿಸಿದ್ದಳು.

"ಇನ್ನ ಸಾಲಿ ಖಲಾಸ್" ಅಂದರು ಭಾವ.

ಯಾವ ಮಾತನ್ನೂ 'ಖಲಾಸ್' ಅಂತಲೇ ಮುಗಿಸುವವರು ಅವರು. ಅದು ಊರಿಗೆಲ್ಲ ಗೊತ್ತು. ಎದುರಾಡುವ ಧೈರ್ಯ ನನಗಿರಲಿಲ್ಲ. ನಡೆದದ್ದನ್ನು ಹೆಸರು ಹಾಕದೆ ಬರೆದೆ. ಮಾನ್ವಿಯ ತವರಿಗೆ ಹೋಗಿ, ಅಲ್ಲಿಂದ ಯಾರಿಗೂ ಹೇಳದೆ ರಾಯಚೂರಿನ ಬಸ್ಸು ಹತ್ತಿದೆ. ಭಾವನಿಗೆ ತಿಳಿದರೆ ತಾಯಿ ಮಗಳು ಇಬ್ಬರೂ ಬೀದಿಪಾಲು.

ಸಂಪಾದಕರು ಓದುವುದನ್ನು ನಡುವೆ ನಿಲ್ಲಿಸಿದರು.

"ಯವ್ವಾ, ಈ ಖಲಾಸ್ ಅನ್ನಾವ್ರು ಖರೇನ ಹಿಂಗ ಅಂತಾರೇನ್ರಿ?"

"ಹೂನ್ರಿ. ಮಾತಿಗೊಮ್ಮೆ."

ಕೆಂಪು ಗೆರೆ ಎಳೆದು, ಮೇಲೆ 'ಮುಗೀತು' ಎಂದು ಬರೆದರು. ಮತ್ತೆ ಓದಿ ಮುಖ ಸಣ್ಣದು ಮಾಡಿದರು.

"ಸಪ್ಪಗಾತು. ಲೇಖನದ ಜೀವ ಇದ್ದದ್ದ ಆ ಮಾತಿನಾಗ. ಆದ್ರ ನಾಳಿಗೆ ನೀವು ಅದ ಮನ್ಯಾಗ ರೊಟ್ಟಿ ಬಡೀಬೇಕಲ್ರಿ."

ಆ ವಾರದ ಪತ್ರಿಕೆ ಬಂತು. ಭಾವ ಪಡಸಾಲೆಯಲ್ಲಿ ಕೂತು ಜೋರಾಗಿ ಓದಿದರು. ಒಳಗೆ ನನ್ನ ಕೈ ಹಿಟ್ಟಿನ ಮೇಲೆಯೇ ನಿಂತಿತು.

"ಯಾವನೋ ಮುದುಕ ಹುಡುಗೀನ್ನ ಸಾಲಿ ಬಿಡಿಸ್ಯಾನ, ನೋಡಿಲ್ಲಿ!"

ಅವರ ಹೆಂಡತಿ ನಕ್ಕರು. "ಥೇಟ್ ನಿಮ್ಮಂಗ ಅದಾನಲ್ರಿ!"



"ನನ್ನಂಗ? ನಾ ಆಗಿದ್ರ ಖಲಾಸ್ ಅಂತಿದ್ದೆ. ಇವ ಮುಗೀತು ಅಂತಾನ. ಬ್ಯಾರೆ ಯಾವನೋ, ಬಿಡು."

ಆಮೇಲೆ ಅದನ್ನೇ ಮೊದಲಿಂದ ಇನ್ನೊಮ್ಮೆ ಓದಿದರು. ಕೊನೆಗೆ, "ನಮ್ಮ ಹುಡುಗಿ ಹೋಗ್ಲಿ ಸಾಲಿಗೆ. ಈ ಪೇಪರಿನವ್ರ ಬಾಯಿಗೆ ಯಾರು ಬೀಳಬೇಕು!" ಅಂದರು. ಅವರಿಗೂ ಅಂಜಿಕೆ ಇತ್ತೆಂದು ಅವತ್ತೇ ನನಗೆ ತಿಳಿದದ್ದು.

ಆಮೇಲೂ ಆಗಾಗ ಬರೆದೆ, ಹೆಸರಿಲ್ಲದೆಯೇ. ನಮ್ಮ ಬಾವಿಯ ಗುರುತು, ಎತ್ತಿನ ಬಣ್ಣ, ನೆರೆಯವಳ ಬೈಗುಳ, ನನ್ನನ್ನು ತೋರಿಸಿಕೊಡುವಂಥ ಎಲ್ಲವನ್ನೂ ಸಂಪಾದಕರು ಹುಡುಕಿ ಹುಡುಕಿ ಹೊಡೆದುಹಾಕುತ್ತಿದ್ದರು. "ಅಂಜಿಕಿ ಇರ್ಲಿ, ಬರಿಯೂದು ಬಿಡಬ್ಯಾಡ್ರಿ" ಅನ್ನುತ್ತಿದ್ದರು.

ನಿಮ್ಮ ಅವ್ವ ಮಾನ್ವಿಯಲ್ಲಿ ಟೀಚರಾದ ವರ್ಷ ಆ ಸಂಪಾದಕರು ತೀರಿಕೊಂಡರು. ಅವರ ಬಗ್ಗೆ ಬರೆದು ಪತ್ರಿಕೆಗೆ ಕಳಿಸಿದೆ. ಹೆಸರು ಮುಚ್ಚಿಟ್ಟುಕೊಂಡು ಅವರ ಋಣ ನೆನೆಯುವುದು ನನ್ನಿಂದಾಗಲಿಲ್ಲ. ನಡೆದದ್ದೆಲ್ಲ ಬರೆದು ಕೆಳಗೆ ನನ್ನ ಹೆಸರು, ಊರು ಹಾಕಿದೆ.

ನಾನಿನ್ನೂ ಭಾವನ ಮನೆಯಲ್ಲೇ ಇದ್ದೆ. ಆ ವಾರ ಅವರು ಪತ್ರಿಕೆ ಬಿಚ್ಚಿದಾಗ ನನಗೆ ಅಂಜಿಕೆ ಇದ್ದೇ ಇತ್ತು. ಆದರೂ ಒಳಗೆ ಹೋಗದೆ ಅವರೆದುರೇ ನಿಂತೆ.