ಸ್ನಾನಗೃಹದ ಸ್ಪ್ರಿಂಗ್ ಬಾಗಿಲು

ನಾಲ್ಕು ವರ್ಷಗಳ ಹಿಂದೆ ನಾನು ಪ್ರಾಣಿಶಾಸ್ತ್ರದ ಅಧ್ಯಾಪಕನಾಗಿದ್ದೆ. ಹಿಟ್ನಾಳದಾಚೆ, ಬಂಡೆಗುಡ್ಡಗಳ ನಡುವೆ ಇರುವ ವಿಶ್ವವಿದ್ಯಾಲಯದ ಕ್ಷೇತ್ರ ಅಧ್ಯಯನ ಕೇಂದ್ರದ ಉಸ್ತುವಾರಿಯೂ ನನ್ನದೇ. ಕೇಂದ್ರವೆಂದರೆ ಎರಡು ಕಲ್ಲಿನ ಕೋಣೆ, ತಗಡಿನ ಛಾವಣಿ, ಒಂದು ಬೋರ್‌ವೆಲ್. ಹಲ್ಲಿ, ಓತಿಕ್ಯಾತಗಳ ಅಧ್ಯಯನಕ್ಕೆ ಬರುವ ವಿದ್ಯಾರ್ಥಿನಿಯರು ತಟ್ಟಿಯ ಮರೆಯಲ್ಲಿ ಸ್ನಾನ ಮಾಡುತ್ತಿದ್ದರು. ಮೇಲಿಂದ ಮೇಲೆ ಅರ್ಜಿ ಬರೆದು ನಾನು ಸ್ನಾನಗೃಹ ಮಂಜೂರು ಮಾಡಿಸಿದೆ. ಉದ್ದನೆಯ ಓಣಿಯಂಥ ಕಟ್ಟಡ, ಒಳಗೆ ನೀರಿನ ತೊಟ್ಟಿ, ಕೊನೆಯಲ್ಲಿ ಮೂರು ಬಚ್ಚಲು, ಎದುರಿಗೆ ಒಂದೇ ಕಬ್ಬಿಣದ ಬಾಗಿಲು. ಆಡು, ನಾಯಿ ನುಗ್ಗದಿರಲೆಂದು ಅದಕ್ಕೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಹಾಕಿಸಿದೆ.

ಕಾವಲುಗಾರ ಖಾದರಸಾಬರಿಗೆ ಅದು ಹಿಡಿಸಲಿಲ್ಲ. ಕೇಂದ್ರದ ಯಾವ ಬಾಗಿಲನ್ನೂ ಅವರು ಸುಮ್ಮನೆ ಮುಂದಕ್ಕೆಳೆದು ಬಿಡುತ್ತಿರಲಿಲ್ಲ. ಕೀಲಿ ಹಾಕಬೇಕು, ಇಲ್ಲವೇ ಕಲ್ಲಿಟ್ಟು ಪೂರ್ತಿ ತೆರೆದಿಡಬೇಕು. ಹೊಸ ಬಾಗಿಲಿಗೂ ಒಂದು ಗುಂಡುಕಲ್ಲು ತಂದಿಟ್ಟರು.

“ಈ ಬಾಗಲಕ್ಕ ಸಿಟ್ಟು ಭಾಳ ಐತ್ರಿ ಸರ್, ಬಂದವರ ಬೆನ್ನಿಗೇ ಬಡೀತೈತಿ,” ಎಂದು ನಕ್ಕು, “ಒಳಗ ಬಂದದ್ದು ಹೊರಗ ಹೋಗಾಕ ದಾರಿ ಇರಬೇಕ್ರಿ,” ಎಂದರು.

ಮರುದಿನ ತಪಾಸಣೆಗೆ ಮೇಲಿನವರು ಬರುವವರಿದ್ದರು. ಕಲ್ಲು ಚಂದ ಕಾಣದೆಂದು ಸಂಜೆ ನಾನೇ ಅದನ್ನು ಬೇಲಿಯಾಚೆ ಉರುಳಿಸಿದೆ.

ಬೆಳಿಗ್ಗೆ ಆರೂವರೆ. ಬೇವೂರಿನ ಎಂ.ಎಸ್ಸಿ. ವಿದ್ಯಾರ್ಥಿನಿ ರೇಣುಕಾ ಸ್ನಾನಕ್ಕೆ ಹೋಗಿದ್ದಳು. ನಾನು ಕೋಣೆಯ ಮುಂದೆ ಚಹಾ ಕುಡಿಯುತ್ತಿದ್ದೆ. ಗುಡ್ಡದಿಂದಿಳಿದ ಕರಡಿಯೊಂದು ನೀರಿನ ವಾಸನೆ ಹಿಡಿದು ಬಂದು, ಆ ಬಾಗಿಲನ್ನು ಮೂತಿಯಿಂದ ನೂಕಿ ಒಳಹೋಯಿತು. ನಾನು ಲೋಟ ಕೆಳಗಿಟ್ಟು ಓಡಿದೆ. ಬಾಗಿಲು ಅದರ ಬೆನ್ನ ಹಿಂದೆ ಮುಚ್ಚಿಕೊಂಡಿತು. ಒಳಕ್ಕೆ ತೆರೆಯುವ ಬಾಗಿಲು ಅದು. ಒಳಗಿದ್ದವರು ಹಿಡಿಕೆ ಹಿಡಿದು ಎಳೆದರೆ ಮಾತ್ರ ಹೊರಬರಬಹುದು. ಕರಡಿ ನೂಕಬಲ್ಲದು, ಹಿಡಿಕೆ ಎಳೆಯಲಾರದು.

ಕಬ್ಬಿಣಕ್ಕೆ ಮೈ ಅಪ್ಪಳಿಸುವ ಸದ್ದು ಕೇಳಿತು. ಆಮೇಲೆ ರೇಣುಕಾಳ ಕೂಗು. ಕೂಡಲೇ ಒಳಗಿನ ಸದ್ದು ಬಚ್ಚಲುಗಳ ಕಡೆ ಸರಿಯಿತು. ಅವಳಿಗೂ ಕರಡಿಗೂ ನಡುವೆ ಇದ್ದದ್ದು ಒಂದು ಫೈಬರ್ ಬಾಗಿಲು, ಬೆರಳುದ್ದದ ಚಿಲಕ.

ಖಾದರಸಾಬರು ಹಿಂಬದಿಯ ಗವಾಕ್ಷಿಗೆ ಓಡಿದರು. ತಲೆಯೂ ತೂರದಷ್ಟು ಚಿಕ್ಕದು.

“ರೇಣುಕಾ, ಯವ್ವಾ, ಒದರಬ್ಯಾಡ. ಬಾಗಲಿಗೆ ಬೆನ್ನು ಕೊಟ್ಟು ನಿಂದ್ರು. ನಾ ಅದಕ್ಕ ದಾರಿ ಮಾಡ್ತೀನಿ.”

ಕೂಗು ನಿಂತಿತು. ನನಗೆ ಇನ್ನೂ ಹೆದರಿಕೆಯಾಯಿತು.

ಬಾಗಿಲಿಗೆ ಓರೆಯಾಗಿದ್ದ ಕಟ್ಟೆ ಹತ್ತಿ, ಅವರು ಬಿದಿರಿನ ಗಳದಿಂದ ಬಾಗಿಲನ್ನು ಒಳಕ್ಕೆ ನೂಕಿದರು. ಸ್ಪ್ರಿಂಗ್ ಬಿಗಿಯಾಗಿತ್ತು, ಒಬ್ಬರಿಂದ ಆಗಲಿಲ್ಲ. ನಾನೂ ಕೈ ಹಾಕಿದೆ. ಬೆವರಿದ ನನ್ನ ಕೈ ಜಾರಿತು, ಬಾಗಿಲು ಧಡಾರನೆ ಮುಚ್ಚಿತು. ಒಳಗೆ ಫೈಬರ್ ಬಿರಿದ ಸದ್ದು ಕೇಳಿತು.

“ಈ ಸಲ ಬಿಡಬ್ಯಾಡ್ರಿ ಸರ್,” ಎಂದರು ಖಾದರಸಾಬರು, ಮೆಲ್ಲಗೆ.

ಈ ಸಲ ಬಿಡಲಿಲ್ಲ. ಬೆಳಕು ಒಳಬಿದ್ದದ್ದೇ ಕರಡಿ ನಮ್ಮ ಕಾಲ ಬುಡದಲ್ಲೇ ಹಾದು, ತಿರುಗಿಯೂ ನೋಡದೆ ಗುಡ್ಡ ಹತ್ತಿತು.

ರೇಣುಕಾ ಒದ್ದೆ ಬಟ್ಟೆಯಲ್ಲೇ ಹೊರಬಂದಳು. ಚಿಲಕ ಒಂದೇ ಸ್ಕ್ರೂನಲ್ಲಿ ಜೋತಾಡುತ್ತಿತ್ತು. ಅವಳು ಬಾಗಿಲ ಬುಡವನ್ನು ನೋಡುತ್ತ, “ಇಲ್ಲಿದ್ದ ಕಲ್ಲು ಎಲ್ಲಿ ಹೋತ್ರಿ ಸರ್?” ಎಂದು ಕೇಳಿದಳು.

ನಾನೇ ತೆಗೆದೆ ಎಂದೆ. ಖಾದರಸಾಬರು ಬೇಲಿಯಾಚೆ ಹೋಗಿ ಕಲ್ಲನ್ನು ಹೊತ್ತು ತಂದರು. ತಪಾಸಣೆಯವರು ಬರುವಷ್ಟರಲ್ಲಿ ನಾನು ಸ್ಪ್ರಿಂಗ್ ಬಿಚ್ಚಿ ಹಾಕಿದ್ದೆ.

ಒಂದು ಜಾಗವನ್ನು ಸುಧಾರಿಸುವ ಮೊದಲು, ಅಲ್ಲಿ ಬಾಳಿದವರು ಬಾಗಿಲನ್ನು ಹೇಗೆ ಇಡುತ್ತಾರೆ, ಏಕೆ ಹಾಗೆ ಇಡುತ್ತಾರೆ ಎಂದು ಕೇಳಬೇಕೆಂಬುದನ್ನು ನಾನು ಕಲಿತದ್ದು ಹೀಗೆ. ಇಂದಿಗೂ ಯಾವ ಕಟ್ಟಡಕ್ಕೆ ಹೋದರೂ ಕೂರುವ ಮೊದಲು ಬಾಗಿಲು ಯಾವ ಕಡೆಗೆ ತೆರೆಯುತ್ತದೆಂದು ನೋಡುತ್ತೇನೆ. ಬೆನ್ನ ಹಿಂದೆ ಎಲ್ಲಾದರೂ ಬಾಗಿಲು ತಾನೇ ಮುಚ್ಚಿಕೊಂಡರೆ, ನನ್ನ ಎರಡೂ ಕೈ ಇಲ್ಲದ ಗಳವನ್ನು ಬಿಗಿ ಹಿಡಿಯುತ್ತವೆ.