ಬಾರ್ಸಿಲೋನಾದ ಮರಳಿನಲ್ಲಿ ಕೇಳಿದ ಕನ್ನಡ

“ಬ್ಯಾಗ್ ಗಟ್ಟಿ ಹಿಡಕೋ. ಇವನ ನೋಟ ಸರಿ ಇಲ್ಲ, ಕಳ್ಳ ಇರಬೇಕು,” ಅಂದರು ನಮ್ಮ ಅತ್ತೆ. ಬಾರ್ಸಿಲೋನಾದ ಸಮುದ್ರ ದಂಡೆಗೆ ಟಿಕೆಟ್ ಇಲ್ಲ, ಹಾಗಾಗಿ ಜನ ತುಂಬಿ ಕಾಲಿಡಲೂ ಜಾಗವಿರಲಿಲ್ಲ. ತಣ್ಣನೆಯ ನೀರಿನ ಬಾಟಲಿ ಮಾರುವ ನಡುವಯಸ್ಸಿನವನೊಬ್ಬ ನಮ್ಮ ಚಾಪೆಯ ಹತ್ತಿರ ಬಂದು ನಿಂತಿದ್ದ. ಹೈದರಾಬಾದಿನಲ್ಲಿ ಹೊರಗೆ ಕಾಲಿಟ್ಟರೆ ತೆಲುಗು, ಹಿಂದಿ ಮಾತಾಡುವ ಅತ್ತೆ, ಬಾರ್ಸಿಲೋನಾದಲ್ಲಿ ಯಾರಿಗೂ ತಿಳಿಯದೆಂದು ಕನ್ನಡದಲ್ಲೇ ಹೇಳಿದ್ದರು. ನಾನೂ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡೆ.

ಅವನು ಮೆಲ್ಲಗೆ ಹೇಳಿದ: “ಕಳ್ಳ ಅಲ್ರಿ ಅವ್ವಾರ. ಬೀದರ್ ಕಡೆಯವ ಅದೀನಿ. ನಿಮ್ಮ ಮಾತು ಕೇಳಿ ಬಂದೆ.”

ಅತ್ತೆ ಗಡಬಡಿಸಿ ಎದ್ದು, “ಕೂಡ್ರಪಾ, ಒಂಚೂರು ಉಣ್ಣು,” ಎನ್ನುತ್ತ ಚಪಾತಿಯ ಡಬ್ಬಿ ತೆಗೆದರು.

“ಇರಲಿ ಬಿಡ್ರಿ,” ಎಂದು ಅವನು ಕೈಮುಗಿದು, ಜನರ ನಡುವೆ ನಡೆದುಹೋದ. ಅತ್ತೆ ಡಬ್ಬಿ ಹಿಡಿದುಕೊಂಡೇ ದಂಡೆಯುದ್ದಕ್ಕೂ ಹುಡುಕಿದರು. ಸಂಜೆಯಾದರೂ ಅವನು ಸಿಗಲಿಲ್ಲ.

ಹೈದರಾಬಾದಿನ ಕೊಂಡಾಪುರದ ನಮ್ಮ ಮನೆಗೆ ಬಂದವರಿಗೆ ನಾನು ಆ ಸಮುದ್ರದ ಫೋಟೋ ತೋರಿಸತೊಡಗಿದರೆ ಅತ್ತೆ ಎದ್ದು ಒಳಗೆ ಹೋಗುತ್ತಾರೆ. ಪರದೇಶದಲ್ಲಿ ತನ್ನ ಭಾಷೆ ಕೇಳಿ ಆಸೆಯಿಂದ ಬಂದವನ ಕಿವಿಗೆ ನಾವು ಹಾಕಿದ್ದು ‘ಕಳ್ಳ’ ಎಂಬ ಅದೊಂದು ಮಾತು.