ಮಾವನ ದೋಣಿಗೊಂದು ಆಯಿಲ್ ಪ್ಯಾನ್

ನನ್ನ ಮಾವ ಸಿರುಗುಪ್ಪದ ಹತ್ತಿರ ತುಂಗಭದ್ರೆಯಲ್ಲಿ ಹರಿಗೋಲು ಹಾಕಿ ಜನರನ್ನು ದಾಟಿಸುತ್ತಿದ್ದರು. ಮಹಾಯುದ್ಧ ಮುಗಿದು ಮಿಲಿಟರಿ ಲಾರಿಗಳು ಬಳ್ಳಾರಿಯ ಗುಜರಿ ಸೇರತೊಡಗಿದಾಗ ಅವರಿಗೆ ಒಂದು ಲಾರಿ ಎಂಜಿನ್ ಬೇಕೆನಿಸಿತು. ಏಕೆಂದು ಯಾರೂ ಕೇಳಲಿಲ್ಲ. ಅವರನ್ನು ಹಾಗೆ ಕೇಳುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಕುರುಗೋಡಿನ ಬಡಗಿಯಿಂದ ಮರದ ದೋಣಿ ಮಾಡಿಸಿ, ಎಂಜಿನ್ ಕೂರಿಸಿ, ಹೊಳೆಗೆ ಇಳಿಸಿದರು. ನಡುಹೊಳೆ ಮುಟ್ಟುವಷ್ಟರಲ್ಲಿ ಎಂಜಿನ್ ಕಟಕಟ ಸದ್ದು ಮಾಡಿ ನಿಂತಿತು. ದೋಣಿ ನೀರಿನ ಜೊತೆ ತನ್ನಷ್ಟಕ್ಕೆ ಸಾಗಿ ಯಾರದೋ ಭತ್ತದ ಗದ್ದೆಯ ಪಕ್ಕ ದಡ ಹತ್ತಿತು.

ನಾನು ಆಗ ಬಳ್ಳಾರಿಯ ಹತ್ತಿ ಮಿಲ್ಲೊಂದರಲ್ಲಿ ಫಿಟ್ಟರ್. ಅವರ ಮಗಳನ್ನು ಮದುವೆಯಾಗಿ ವರ್ಷವಾಗಿದ್ದರೂ ಮಾವ ನನ್ನೊಡನೆ ಆಡಿದ್ದು ‘ಬರ್ರಿ’, ‘ಉಣ್ರಿ’, ‘ಹೋಗಿ ಬರ್ರಿ’ ಇಷ್ಟೇ. ಈಗ ಹೇಳಿ ಕಳಿಸಿದರು. ಹೋಗಿ ಎಂಜಿನ್ ಬಿಚ್ಚಿದೆ. ಎಣ್ಣೆ ಸಿಗದೆ ಬೇರಿಂಗುಗಳು ಸುಟ್ಟುಹೋಗಿದ್ದವು.

“ಎಣ್ಣಿ ಇತ್ತಲ್ರಿ?” ಎಂದರು ಮಾವ.

“ಇತ್ರಿ ಮಾವಾರ. ಹಿಂದಿತ್ತು.”

ಲಾರಿಯಲ್ಲಿ ಎಂಜಿನ್ ಮಟ್ಟಸವಾಗಿ ಕೂತಿರುತ್ತದೆ. ದೋಣಿಯಲ್ಲಿ ನೀರು ತಳ್ಳುವ ಫ್ಯಾನು ಹೊಳೆಗೆ ಮುಟ್ಟಲೆಂದು ಅದನ್ನು ಹಿಂದಕ್ಕೆ ವಾಲಿಸಿದ್ದರು. ತಳದಲ್ಲಿ ಎಣ್ಣೆ ನಿಲ್ಲುವ ಆಯಿಲ್ ಪ್ಯಾನಿನ ಗುಂಡಿ ಮುಂದಿತ್ತು, ಎಣ್ಣೆ ಹೀರುವ ಕೊಳವೆಯೂ ಮುಂದಿತ್ತು. ಎಣ್ಣೆ ಮಾತ್ರ ಹಿಂದಕ್ಕೆ ಹೋಗಿತ್ತು.

ಬೇರೆ ಪ್ಯಾನು ಹುಡುಕಿಕೊಂಡು ಇಬ್ಬರೂ ಬಳ್ಳಾರಿಯ ಗುಜರಿ ಅಂಗಡಿಗೆ ಹೋದೆವು. ಅಂಗಡಿಯ ಸಾಹೇಬರು ಅದೇ ಜಾತಿಯ ಎಂಜಿನ್ನಿನ ಮೂರು ಪ್ಯಾನು ತಂದಿಟ್ಟರು. ಒಂದು ಉದ್ದಕ್ಕೂ ಆಳ, ಮದುವೆಮನೆಯ ಕೊಪ್ಪರಿಗೆಯಂತಿತ್ತು. ಮಾವನ ಮನಸ್ಸು ಅದರ ಮೇಲೆ ಹೋಯಿತು.

“ಇದ್ರಾಗ ಎಣ್ಣಿ ಭಾಳ ಹಿಡಿತೈತಿ.”

“ದೋಣಿ ತಳಕ್ಕ ಬಡಿತೈತ್ರಿ.”

ಎರಡನೆಯದು ನಮ್ಮದರಂಥದೇ. ಮೂರನೆಯದರ ಗುಂಡಿ ಹಿಂದಿತ್ತು, ಆದರೆ ಒಂದು ಪಕ್ಕ ನೆಗ್ಗಿತ್ತು. ಮೂರನ್ನೂ ದೋಣಿಯಲ್ಲಿದ್ದಂತೆ ಇಟ್ಟಿಗೆಯ ಮೇಲೆ ಹಿಂದಕ್ಕೆ ವಾಲಿಸಿಟ್ಟು, ಚಹಾ ಅಂಗಡಿಯಿಂದ ನೀರು ತಂದು ಸುರಿದೆ.

“ಅದೇನು ಕೊಡ ಏನ್ರೀ?” ಎಂದರು ಸಾಹೇಬರು.

ಜಟಕಾದವನೊಬ್ಬ ನಿಂತು ಮೊದಲನೆಯದು ಒಳ್ಳೆಯದೆಂದ. ಕ್ಷೌರದವನು ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಬಂದು ಎರಡನೆಯದೆಂದ. ಗಿರಾಕಿಯೂ ಬಂದ. ಅವನಿಗೆ ಯಾವುದೂ ಹಿಡಿಸಲಿಲ್ಲ. ಮಾವ ಕುಕ್ಕರಗಾಲಲ್ಲಿ ಕೂತು, ಮೂರನೆಯದರ ಗುಂಡಿಯಲ್ಲಿ ನಿಂತ ನೀರನ್ನು ತುಂಬ ಹೊತ್ತು ನೋಡಿದರು.

“ಇದು. ನೆಗ್ಗೈತಿ, ಇರಲಿ.”

ಬಸ್ಸಿನಲ್ಲಿ ಅದನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡರು.

“ಯಜಮಾನ್ರ, ಹೂರಣ ಬೇಯಿಸಾಕೇನ್ರಿ?” ಎಂದು ಪಕ್ಕದ ಹೆಂಗಸು ಕೇಳಿದಳು. ಮಾವ ಹೂಂ ಎಂದರು.

ಬೇರಿಂಗು ಬದಲಿಸಿ, ಕೊಳವೆಗೆ ಬೆಸುಗೆ ಹಾಕಿಸಿ ಹಿಂದಿನ ಗುಂಡಿಯವರೆಗೆ ಉದ್ದ ಮಾಡಿ, ಪ್ಯಾನು ಕೂರಿಸಿದೆ. ದೋಣಿ ಹೊಳೆಗೆ ಇಳಿಯಿತು. ಎಂಜಿನ್ ನಿಲ್ಲಲಿಲ್ಲ. ದೋಣಿಯ ಮೂತಿ ಮೇಲೆದ್ದು ನೀರನ್ನು ಎರಡೂ ಕಡೆಗೆ ಸೀಳಿತು.

“ಬಿಡಲೇ ಅಳಿಯಾ! ಇನ್ನೂ ಜೋರ ಬಿಡಲೇ!” ಎಂದು ಮಾವ ನನ್ನ ಬೆನ್ನಿಗೆ ಗುದ್ದಿದರು. ಮರ್ಯಾದೆ ಎಲ್ಲಿ ಹೋಯಿತೋ ಅವರಿಗೂ ತಿಳಿದಿರಲಿಲ್ಲ. ಬೆನ್ನು ನೋಯುತ್ತಿತ್ತು, ನನಗೆ ಬಲು ಖುಷಿಯಾಗಿತ್ತು. ದಡಕ್ಕೆ ಬಂದು, “ಉಣ್ಣಾಕ ಬರ್ರಿ” ಎಂದರು.

ಮರುದಿನ ಜನ ಎಂಜಿನ್ನಿನ ಸದ್ದಿಗೆ ಬೆದರಿ, ಮಾವನ ತಮ್ಮ ಹುಟ್ಟು ಹಾಕುತ್ತಿದ್ದ ಹಳೆಯ ಹರಿಗೋಲನ್ನೇ ಹತ್ತಿದರು. ದೋಣಿಗೆ ಬಂದದ್ದು ಅತ್ತೆ ಒಬ್ಬರೇ. ಆಚೆ ದಡದಲ್ಲಿ ಅವರ ತಂಗಿಯ ಮನೆಯಿತ್ತು. ಎರಡೂ ಕಿವಿ ಮುಚ್ಚಿಕೊಂಡು ಕೂತರು. ಇಳಿದ ಮೇಲೆ, “ವಾಪಸ್ ಬರೂ ಮುಂದ ಹರಿಗೋಲಿನ್ಯಾಗ ಬರ್ತೀನಿ” ಎಂದರು.

ಮಾವ ದೋಣಿಯನ್ನು ದಡಕ್ಕೆ ಕಟ್ಟಿದರು. ಸಂಜೆಯವರೆಗೆ ಅಲ್ಲೇ ಕಾದರು. ಅತ್ತೆ ಬಂದು ಹರಿಗೋಲು ಹತ್ತಿದರು. ನಾವು ಎಂಜಿನ್ ಸಣ್ಣಗೆ ಇಟ್ಟು, ನಮ್ಮ ಅಲೆ ಅವರಿಗೆ ತಾಗದಷ್ಟು ದೂರದಲ್ಲಿ ಹಿಂದೆ ಹಿಂದೆ ಬಂದೆವು. ದಡ ಸೇರಿದಾಗ ದೀಪ ಹಚ್ಚುವ ಹೊತ್ತಾಗಿತ್ತು.